ಗೋಡೆಯ ಮೇಲಿನ ಮಂದಿ

ಬಾಡಿಗೆ ಮನೆಯ ಮಾಲೀಕರಿಗೆ ಮೂರು ಭಯಗಳು. ಬಾಡಿಗೆ ತಡವಾದೀತು, ನೀರು ಹೆಚ್ಚು ಖರ್ಚಾದೀತು, ಗೋಡೆಗೆ ಮೊಳೆ ಬಿದ್ದೀತು. ಮೊದಲೆರಡಕ್ಕೆ ಅವರು ಹೇಗೋ ಹೊಂದಿಕೊಳ್ಳುತ್ತಾರೆ. ಮೂರನೆಯದಕ್ಕೆ ಮಾತ್ರ ಕ್ಷಮೆಯಿಲ್ಲ. ಮಾಸ್ತರಿಕೆ ಮಾಡುವವರು ಊರೂರು ಸುತ್ತುವವರು, ಹಾಗಾಗಿ ಈ ಮಾತನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಹೀಗೆ ಐದು ಊರುಗಳಲ್ಲಿ ಏಳು ಬಾಡಿಗೆ ಮನೆ ಮಾಡಿದ್ದೇನೆ. ಏಳೂ ಕಡೆ ಕೀಲಿಕೈ ಕೊಡುವಾಗ ಕೇಳಿದ ಮಾತು ಒಂದೇ: “ಎಲ್ಲಾ ನಿಮ್ದೇ ಮನಿ ಅನ್ಕೋರಿ ಟೀಚರ್, ಆದ್ರ ಗೋಡಿಗೆ ಮೊಳಿ ಮಾತ್ರ ಹೊಡಿಬ್ಯಾಡ್ರಿ.”

ನಮ್ಮದೇ ಮನೆ ಅಂದುಕೊಳ್ಳಬೇಕು, ಆದರೆ ನಮ್ಮವರನ್ನು ಗೋಡೆಯ ಮೇಲೆ ಕೂರಿಸಬಾರದು. ಇದು ಎಂಥ ನ್ಯಾಯ, ನೀವೇ ಹೇಳಿ. ಪಾತ್ರೆ ಜೋಡಿಸಿದ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ. ಗೋಡೆಯಿಂದ ಯಾರಾದರೂ ನಮ್ಮನ್ನು ನೋಡುತ್ತಿರಬೇಕು. ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಒಂದೆರಡು ಮೊಳೆಗಳೇ ನಮ್ಮ ಪಾಲಿನ ಪುಣ್ಯ. ಅವು ಇದ್ದಲ್ಲೇ ನಮ್ಮ ದೇವರು, ಅವು ಇದ್ದಲ್ಲೇ ನಮ್ಮ ಹಿರಿಯರು. ಹರಪನಹಳ್ಳಿಯ ಮನೆಯಲ್ಲಿ ಇದ್ದ ಒಂದೇ ಮೊಳೆ ಅಡಿಗೆಮನೆಯ ಬಾಗಿಲ ಪಕ್ಕಕ್ಕಿತ್ತು. ನಮ್ಮ ಮಾವನವರ ಪಟ ಮೂರು ವರ್ಷ ಒಗ್ಗರಣೆಯ ಹೊಗೆ ಕುಡಿಯಿತು.

ಹೊಸ ಸಿಮೆಂಟಿನ ಗೋಡೆಗೆ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ, ಇಲ್ಲವೇ ಗಿಲಾವು ಹಲ್ಲೆ ಹಲ್ಲೆಯಾಗಿ ಉದುರುತ್ತದೆ. ಈಗ ಡ್ರಿಲ್ ಮೆಷಿನ್ ಬಂದು ಆ ಕಷ್ಟ ತಪ್ಪಿತು. ಆದರೆ ನಾನು ಹುಟ್ಟಿ ಬೆಳೆದ ಕೂಡ್ಲಿಗಿ ಸೀಮೆಯ ಹಳ್ಳಿಯ ಮಣ್ಣಿನ ಮಾಳಿಗೆ ಮನೆಗೆ ಮೊಳೆಯ ಸಮಸ್ಯೆಯೇ ಇರಲಿಲ್ಲ. ಮೊಳದುದ್ದ ದಪ್ಪದ ಮಣ್ಣುಗೋಡೆಗೆ ಮೊಳೆ ನಿಲ್ಲುವುದಿಲ್ಲ ಎಂದು ತಿಳಿದ ಹಿರಿಯರು ಕಟ್ಟುವಾಗಲೇ ಮರದ ಗೂಟಗಳನ್ನು ಗೋಡೆಯೊಳಕ್ಕೆ ಸೇರಿಸಿ ಕಟ್ಟುತ್ತಿದ್ದರು. ಪಡಸಾಲೆಯ ಬಾಗಿಲ ಮೇಲೆ ಉದ್ದಕ್ಕೊಂದು ಮರದ ಪಟ್ಟಿ. ಪಟಗಳ ಬುಡ ಆ ಪಟ್ಟಿಯ ಮೇಲೆ ಕೂತಿರುತ್ತಿತ್ತು, ತಲೆಯ ಭಾಗವನ್ನು ಹುರಿಯಿಂದ ಗೂಟಕ್ಕೆ ಬಿಗಿದು ಮುಂದಕ್ಕೆ ಬಾಗಿಸುತ್ತಿದ್ದರು. ಹಾಗೇಕೆ ಬಾಗಿಸುತ್ತಿದ್ದರೆಂದು ನನಗೆ ತಿಳಿದದ್ದು ಕುರ್ಚಿಯ ಕಾಲ ಬಂದ ಮೇಲೆ. ಆಗ ಮನೆಯವರೆಲ್ಲ ನೆಲದ ಮೇಲೆ ಕೂರುವವರು. ನೆಲದಲ್ಲಿ ಕೂತವರು ಕತ್ತೆತ್ತಿದರೆ ನೆಟ್ಟಗೆ ನಿಂತ ಪಟದ ಗಾಜಿನಲ್ಲಿ ಬಾಗಿಲ ಬೆಳಕು ಹೊಳೆಯುತ್ತದೆಯೇ ಹೊರತು ಮುಖ ಕಾಣುವುದಿಲ್ಲ. ಬಾಗಿದ ಪಟ ಕೆಳಗೆ ಕೂತವರನ್ನು ವಿಚಾರಿಸಿಕೊಳ್ಳುವಂತಿರುತ್ತಿತ್ತು.

ಹಾಗೆ ಬಾಗಿದ ಪಟದ ಬೆನ್ನಹಿಂದೆ ಒಂದು ಗೇಣು ಜಾಗ ಉಳಿಯುತ್ತಿತ್ತಲ್ಲ, ಅದು ಗುಬ್ಬಿಗಳದು. ಪ್ರತಿವರ್ಷ ಅಲ್ಲಿ ಹುಲ್ಲುಕಡ್ಡಿ, ಹತ್ತಿ, ಅಜ್ಜಿಯ ಕೌದಿಯ ದಾರದ ತುಂಡು ಸೇರಿ ಗೂಡಾಗುತ್ತಿತ್ತು. ಒಮ್ಮೆ ಯುಗಾದಿಗೆ ಸುಣ್ಣ ಬಳಿಯುವಾಗ ಗಾಂಧೀಜಿಯ ಪಟದ ಹಿಂದೆ ಮರಿಗಳಿದ್ದವು. ಅಪ್ಪ ಆ ಪಟವನ್ನು ಇಳಿಸಗೊಡಲಿಲ್ಲ. ಸುತ್ತಲೂ ಸುಣ್ಣ ಬಳಿದರು. ಮರಿಗಳು ಹಾರಿಹೋದ ಮೇಲೆ ಪಟ ಇಳಿಸಿದರೆ ಗೋಡೆಯ ಮೇಲೆ ಹಳೆಯ ಬಣ್ಣದ್ದೊಂದು ಚೌಕ.

ಆ ಪಟ್ಟಿಯ ಮೇಲೆ ಯಾರ್‍ಯಾರಿದ್ದರು ಎಂದು ಈಗಲೂ ಎಡದಿಂದ ಬಲಕ್ಕೆ ಹೇಳಬಲ್ಲೆ. ಮೊದಲಿಗೆ ಕೊಟ್ಟೂರೇಶ್ವರ. ಫೆಬ್ರವರಿ-ಮಾರ್ಚ್ ಹೊತ್ತಿಗೆ ಬರುವ ಕೊಟ್ಟೂರು ತೇರಿನ ಜಾತ್ರೆಯಲ್ಲಿ ಬಳೆ ಅಂಗಡಿಗಳ ಸಾಲಿನಲ್ಲೇ ಕಟ್ಟು ಹಾಕಿದ ಪಟಗಳ ಅಂಗಡಿಗಳೂ ಇರುತ್ತವೆ, ಅಲ್ಲಿಂದ ತಂದದ್ದು. ಆಮೇಲೆ ಮೈಲಾರಲಿಂಗಪ್ಪ, ಉಚ್ಚಂಗೆಮ್ಮ, ಲಕ್ಷ್ಮಿ, ಸರಸ್ವತಿ. ಅವರ ಪಕ್ಕಕ್ಕೆ ಗಾಂಧಿ, ನೆಹರೂ, ಸುಭಾಷರು. ಗಾಂಧೀಜಿಯ ಚಿತಾಭಸ್ಮವಿಟ್ಟ ಸ್ಮಾರಕ ಕೂಡ್ಲಿಗಿಯಲ್ಲೇ ಇರುವುದರಿಂದ ನಮ್ಮ ಕಡೆಯವರಿಗೆ ಅವರು ಸ್ವಲ್ಪ ಹತ್ತಿರದ ನೆಂಟರು. ಕೊನೆಗೆ ತಲೆಗೆ ರುಮಾಲು ಸುತ್ತಿ ಮಂಡಿಯ ಮೇಲೆ ಕೈಯಿಟ್ಟು ಕೂತ ಮುತ್ತಜ್ಜ, ಅವನ ಪಕ್ಕ ಅಜ್ಜ.

ಈ ಲಕ್ಷ್ಮಿ ಸರಸ್ವತಿಯರು ಸೀರೆಯುಟ್ಟು ಎಲ್ಲರ ಮನೆಗೆ ಬಂದ ಕತೆ ದೊಡ್ಡದು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಅರಮನೆಗಳ ಗೋಡೆಗಳಿಗೆ ಮಾತ್ರ ಮೀಸಲಾಗಿದ್ದ ಬಣ್ಣದ ಚಿತ್ರಗಳು ಆ ಮೇಲೆ ಸಾಮಾನ್ಯರ ಕೈಗೆಟುಕಿದವು. ಮೂಲಚಿತ್ರಗಳನ್ನು ಕಾಣಬೇಕಾದರೆ ಇವತ್ತಿಗೂ ಮೈಸೂರಿನ ಜಗನ್ಮೋಹನ ಅರಮನೆಯಂಥ ಕಡೆಗೆ ಹೋಗಬೇಕು. ಅಚ್ಚಿನ ಪಟ ಮಾತ್ರ ಬಡವರ ಪಡಸಾಲೆಗೂ ಬಂತು. ಆಮೇಲೆ ಕ್ಯಾಲೆಂಡರುಗಳ ಕಾಲ. ನಮ್ಮ ಕಲಬುರ್ಗಿಯವರೇ ಆದ ಎಸ್. ಎಂ. ಪಂಡಿತರು ಬರೆದ ದೇವತೆಗಳು ಕ್ಯಾಲೆಂಡರಿನ ಮೇಲೆ ದೇಶವೆಲ್ಲ ತಿರುಗಿದರು. ವರ್ಷ ಮುಗಿದ ಮೇಲೆ ತಿಂಗಳಿನ ಹಾಳೆ ಕಿತ್ತು, ದೇವರನ್ನು ಕತ್ತರಿಸಿ, ಕಟ್ಟು ಹಾಕಿಸಿದರೆ ಅದೇ ಪೂಜೆಯ ಪಟ.

ಹಳೆಯ ಮನೆಗಳಲ್ಲಿ ಅಂಥ ಅಚ್ಚಿನ ಚಿತ್ರಗಳಿಗೆ ಹೆಂಗಸರು ತಾವೇ ಜರಿಯ ಚೂರು ಹೊಲಿದು, ಮಿಣುಕು ಅಂಟಿಸಿ, ಮಣಿಯ ಸರ ತೊಡಿಸಿ ಗಾಜು ಹಾಕಿಸಿದ್ದನ್ನು ನೀವೂ ನೋಡಿರಬಹುದು. ಕಸೂತಿಯಲ್ಲಿ ಜೋಡಿ ಗಿಳಿ ತೆಗೆದು, ಕೆಳಗೆ ‘ಸುಸ್ವಾಗತ’ ಎಂದು ಬರೆದು ಕಟ್ಟು ಹಾಕಿಸುವುದೂ ಇತ್ತು. ಹೆಣ್ಣು ನೋಡಲು ಬಂದವರಿಗೆ ಅದೇ ಹುಡುಗಿಯ ಕೈಕೆಲಸದ ಪ್ರಮಾಣಪತ್ರ. ಗೋಡೆಯ ಮೇಲೆ ಹೆಂಗಸಿನ ಕೈ ಇತ್ತು. ಹೆಂಗಸಿನ ಮುಖ ಎಲ್ಲಿತ್ತು?

ಈ ಪ್ರಶ್ನೆ ನನ್ನನ್ನು ಕಾಡಿದ್ದು ಅವ್ವ ತೀರಿಕೊಂಡಾಗ. ಅದು 2003ನೆಯ ಇಸವಿ. ಹನ್ನೊಂದನೆಯ ದಿನದ ಕಾರ್ಯಕ್ಕೆ ಫೋಟೋ ಬೇಕಲ್ಲ ಎಂದು ಅಣ್ಣ ಟ್ರಂಕು, ಕಪಾಟು ಎಲ್ಲ ಹುಡುಕಿದ. ಅಪ್ಪನವು ನಾಲ್ಕು ಸಿಕ್ಕವು: ಸೊಸೈಟಿಯ ಸಭೆಯದೊಂದು, ಧರ್ಮಸ್ಥಳದ್ದೊಂದು, ಪಾಸ್‌ಪೋರ್ಟ್ ಅಳತೆಯವೆರಡು. ಅವ್ವನದು ಒಂದೂ ಇಲ್ಲ. ನನ್ನ ಮದುವೆಯ ಆಲ್ಬಮ್ಮಿನಲ್ಲಾದರೂ ಇದ್ದೀತೆಂದು ತೆಗೆದೆ. 1996ರ ಮದುವೆ. ನೂರಿಪ್ಪತ್ತು ಫೋಟೋಗಳು. ಛತ್ರದ ಅಡಿಗೆಯವರೂ ಇದ್ದಾರೆ, ಬ್ಯಾಂಡಿನವರೂ ಇದ್ದಾರೆ. ಅಪ್ಪ ಅದಕ್ಕೆ ಎಂಟು ವರ್ಷ ಮೊದಲೇ ಹೋಗಿದ್ದರಿಂದ ಅವ್ವ ಮಂಟಪದ ಹತ್ತಿರ ಬರಲಿಲ್ಲ. ಬರಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಅವಳಿಗೇ ಗೊತ್ತಿತ್ತು. ಅಕ್ಷತೆಯ ಹೊತ್ತಿನ ಒಂದೇ ಒಂದು ಫೋಟೋದಲ್ಲಿ ಕಂಬದ ಆಚೆ ಇಳಕಲ್ ಸೀರೆಯ ಸೆರಗು, ಅರ್ಧ ಭುಜ. ಅದು ಅವ್ವನೆಂದು ನನಗೆ ಗೊತ್ತಾದದ್ದು ಸೀರೆಯಿಂದ.

ಕೊನೆಗೆ ಸಿಕ್ಕದ್ದು ಮತದಾರರ ಗುರುತಿನ ಚೀಟಿ. 1993ರಲ್ಲಿ ಚುನಾವಣಾ ಆಯೋಗ ಮತದಾರರಿಗೆಲ್ಲ ಭಾವಚಿತ್ರದ ಚೀಟಿ ಕೊಡಲು ತೀರ್ಮಾನಿಸಿತಲ್ಲ, ಅದರ ಉಪಕಾರ ಈ ದೇಶದ ಹೆಣ್ಣುಮಕ್ಕಳ ಮೇಲೆ ಎಷ್ಟಿದೆಯೆಂದು ಯಾರೂ ಲೆಕ್ಕ ಹಾಕಿಲ್ಲ. ನಮ್ಮ ಕಡೆಯ ಎಷ್ಟೋ ತಾಯಂದಿರು ಜೀವಮಾನದಲ್ಲಿ ಒಬ್ಬರೇ ಕ್ಯಾಮೆರಾದ ಮುಂದೆ ಕೂತದ್ದು ಅದೊಂದೇ ಸಲ. ಹೆಬ್ಬೆರಳಿನಷ್ಟು ಮಸುಕಾದ ಚಿತ್ರ. ಕಣ್ಣು ಗಾಬರಿಯಲ್ಲಿ ಅಗಲವಾಗಿತ್ತು, ಹಣೆಯಲ್ಲಿ ಬರೀ ವಿಭೂತಿ.

ಸ್ಟುಡಿಯೋದಲ್ಲಿ ಆಗತಾನೆ ಕಂಪ್ಯೂಟರ್ ಬಂದಿತ್ತು. ಹುಡುಗ ಚೀಟಿಯನ್ನು ನೋಡಿ, “ದೊಡ್ಡದು ಮಾಡಬಹುದು ಮೇಡಂ. ಮುಖ ಅಷ್ಟೇ ತಗೊಂಡು ಬೇರೆ ಮೈ ಕೂಡಿಸ್ತೀನಿ, ಸೀರೆ ಯಾವ್ದು ಬೇಕು ಆರಿಸ್ರಿ” ಎಂದು ಪರದೆಯ ಮೇಲೆ ರೇಷ್ಮೆ ಸೀರೆ, ಬಂಗಾರದ ಸರದ ತಲೆಯಿಲ್ಲದ ಹೆಂಗಸರನ್ನು ಸಾಲಾಗಿ ತೋರಿಸಿದ. ಅವ್ವ ಎಂದೂ ಉಡದ ಸೀರೆ, ಎಂದೂ ಹಾಕದ ಸರ. ಇಳಕಲ್ ಸೀರೆ ಅವನಲ್ಲಿ ಇರಲಿಲ್ಲ. ಚೀಟಿಯಲ್ಲಿ ಎಷ್ಟು ಕಾಣುತ್ತದೋ ಅಷ್ಟೇ ಸಾಕು ಎಂದೆವು. ಆಮೇಲೆ ಅವನು ತಲೆ ಎತ್ತದೆಯೇ ಕೇಳಿದ: “ಕುಂಕುಮ ಇಡ್ಲಾ?”

ಅವನ ಪಾಲಿಗೆ ಅದು ಒಂದು ಕೆಂಪು ಚುಕ್ಕಿ. ನಮ್ಮ ಮನೆಯಲ್ಲಿ ಎರಡು ದಿನದ ಪಂಚಾಯಿತಿ. ತಂಗಿ ಇಡಲೇಬೇಕೆಂದಳು, ಅವ್ವನ ಮುಖ ನೆನೆದರೆ ತನಗೆ ಅಪ್ಪನಿದ್ದ ಕಾಲದ ಕಾಸಗಲದ ಕುಂಕುಮವೇ ಕಣ್ಣಿಗೆ ಬರುತ್ತದೆ ಎಂದಳು. ದೊಡ್ಡಪ್ಪ ಒಪ್ಪಲಿಲ್ಲ. “ಇದ್ದಾಗ ಇಲ್ಲದ್ದು ಪಟದಾಗ ಯಾಕ? ಮಂದಿ ನಗ್ತಾರ” ಎಂದರು. ಹದಿನೈದು ವರ್ಷ ಆ ಹಣೆ ಖಾಲಿಯಿದ್ದಾಗ ಮಂದಿ ಏನೂ ಅಂದಿರಲಿಲ್ಲ. ಕಡೆಗೆ ಅಣ್ಣ ಹಿರಿಯರ ಮಾತು ಮೀರಬಾರದೆಂದು ಹಾಗೆಯೇ ಕಟ್ಟು ಹಾಕಿಸಿ ತಂದ. ತೆಂಕಣ ಗೋಡೆಗೆ, ಅಪ್ಪನ ಪಕ್ಕಕ್ಕೆ, ಅವ್ವ ಬಂದಳು. ಸತ್ತ ಮೇಲೆ ಸಿಕ್ಕಿತು ಒಂದು ಮೊಳೆ.

ಪಟಗಳಿಗೆ ಪೂಜೆ ಮಾಡುವಾಗ ಗಾಜಿನ ಮೇಲೆಯೇ ವಿಭೂತಿ, ಕುಂಕುಮ ಹಚ್ಚುವುದು ನಮ್ಮಲ್ಲಿ ಎಲ್ಲರ ರೂಢಿ. ವರ್ಷದ ತಿಥಿಯ ದಿನ ಆ ಕೆಲಸವನ್ನು ಅಣ್ಣನ ಆರು ವರ್ಷದ ಮಗಳಿಗೆ ವಹಿಸಿದ್ದರು. ಸ್ಟೂಲು ಹಾಕಿಕೊಂಡು ಅವಳು ಸಾಲಾಗಿ ಹಚ್ಚುತ್ತ ಹೋದಳು: ಲಕ್ಷ್ಮಿಗೆ, ಸರಸ್ವತಿಗೆ, ಮುತ್ತಜ್ಜನಿಗೆ, ಅಜ್ಜನಿಗೆ, ಅಪ್ಪನಿಗೆ, ಕೊನೆಗೆ ಅವ್ವನಿಗೆ. ಅವ್ವನ ಹಣೆಗೆ ಸರಿಯಾಗಿ ನಡುವೆ, ಕಾಸಗಲ. ಮನೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ನೋಡಿದರು. ನೋಡಿ, ಹೆಗಲ ಮೇಲಿನ ಟವೆಲು ಕೊಡವಿಕೊಂಡು ಹೊರಗೆ ಜಗುಲಿಗೆ ಹೋದರು. ಅಳಿಸು ಎಂದು ಯಾರೂ ಅನ್ನಲಿಲ್ಲ. ಅಂದಿನಿಂದ ಆ ಪಟಕ್ಕೆ ಕುಂಕುಮ ತಪ್ಪಿಲ್ಲ.

ಅಂದಿನಿಂದ ನನಗೊಂದು ಅಭ್ಯಾಸ ಬೆಳೆಯಿತು. ಯಾರ ಮನೆಗೆ ಹೋದರೂ ಗೋಡೆ ಓದುತ್ತೇನೆ. ದೇವಿಯರನ್ನು ಬಿಟ್ಟು, ಮದುವೆಯ ಜೋಡಿ ಫೋಟೋ ಬಿಟ್ಟು, ಈ ಮನೆಯ ಹೆಂಗಸೊಬ್ಬಳು ತಾನೊಬ್ಬಳೇ ಎಲ್ಲಾದರೂ ಇದ್ದಾಳೆಯೇ ಎಂದು ಹುಡುಕುತ್ತೇನೆ. ಇದ್ದರೆ ಬಹುಮಟ್ಟಿಗೆ ಹಾರ ಹಾಕಿರುತ್ತದೆ. ಶಾಲೆಯ ಗೋಡೆಯೂ ಹೀಗೆಯೇ. ಅಲ್ಲಿನ ನಕಾಶೆಗಳು ಬದಲಾಗುತ್ತವೆ. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಈ ಐದೂ ಊರುಗಳು ವಿಜಯನಗರ ಜಿಲ್ಲೆಗೆ ಸೇರಿದವು. 2024ರಲ್ಲಿ ಸರ್ಕಾರಿ ಕಚೇರಿಗಳ ಗೋಡೆಗೆ ‘ಸಾಂಸ್ಕೃತಿಕ ನಾಯಕ’ ಬಸವಣ್ಣನವರ ಭಾವಚಿತ್ರ ಬಂದಾಗ ನನಗೆ ಸಂತೋಷವಾಯಿತು. ಆದರೆ ಒಬ್ಬ ಹುಡುಗಿ, “ಮಿಸ್, ಅಕ್ಕಮಹಾದೇವಿದೂ ಹಾಕ್ತಾರಾ?” ಎಂದು ಕೇಳಿದಳು. ತರಗತಿಯ ಗೋಡೆಗೆ ನಾವೇ ಹಾಕಿದೆವು, ಅಕ್ಕನದೂ ಸಾವಿತ್ರಿಬಾಯಿ ಫುಲೆಯವರದೂ. ಹುಡುಗಿಯರೇ ಚಂದಾ ಎತ್ತಿದರು.

ಈಗ ಫೋಟೋಗಳಿಗೇನು ಕೊರತೆಯೆಂದು ನೀವು ಕೇಳಬಹುದು. ಫೋನಿನಲ್ಲಿ ಸಾವಿರಗಟ್ಟಲೆ ಇವೆ. ಆದರೆ ಫೋನಿನ ಫೋಟೋ ಕಪಾಟಿನೊಳಗಿನ ಸೀರೆಯಂತೆ. ತೆಗೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಗೋಡೆಯ ಮೇಲಿನದು ನೀವು ನೋಡದಿದ್ದರೂ ನಿಮ್ಮನ್ನು ನೋಡುತ್ತದೆ. ಅದೂ ಅಲ್ಲದೆ ಫೋನು ತೆಗೆಯುವಾಕೆ ತಾಯಿಯೇ ಆದರೆ ಮಕ್ಕಳೆಲ್ಲ ಚಿತ್ರದಲ್ಲಿರುತ್ತಾರೆ, ಆಕೆ ಮಾತ್ರ ಇರುವುದಿಲ್ಲ.

ಕೂಡ್ಲಿಗಿಯಲ್ಲಿ ನಾವು ಸಣ್ಣದೊಂದು ಸ್ವಂತ ಮನೆ ಕಟ್ಟಿಸಿದಾಗ ನಡುಮನೆಯ ಒಂದು ಗೋಡೆ ನನ್ನದೆಂದು ಮೊದಲೇ ಹೇಳಿಟ್ಟೆ. ಟಿ.ವಿ. ಇನ್ನೊಂದು ಗೋಡೆಗೆ ಹೋಯಿತು. ಬಿಸಿಲು ನೇರ ಬೀಳುವ ಗೋಡೆಯಲ್ಲ ಅದು. ಬಿಸಿಲಿಗೆ ಬಣ್ಣದ ಫೋಟೋ ಬಿಳಚಿಕೊಳ್ಳುತ್ತದೆ. ಫೋಟೋ ಗಾಜಿಗೆ ತಾಗದಂತೆ ನಡುವೆ ದಪ್ಪ ಕಾಗದದ ಅಂಚು ಕೊಡಿಸಿದ್ದೇನೆ, ಇಲ್ಲವಾದರೆ ಮಳೆಗಾಲದ ತೇವಕ್ಕೆ ಮುಖ ಗಾಜಿಗೇ ಅಂಟಿಬಿಡುತ್ತದೆ. ಆ ಗೋಡೆಯಲ್ಲಿ ಅವ್ವನ ಪಟದ ಪ್ರತಿಯಿದೆ. ಅತ್ತೆಯವರು ಎಂಬತ್ತರ ಮೇಲೆ, ನಗುತ್ತ ಕೂತದ್ದಿದೆ. ಅವರಿನ್ನೂ ಗಟ್ಟಿಯಾಗಿದ್ದಾರೆ, ದಿನಾ ಬೆಳಿಗ್ಗೆ ಅದನ್ನೊಮ್ಮೆ ನೋಡಿ ಸೆರಗು ಸರಿಮಾಡಿಕೊಳ್ಳುತ್ತಾರೆ. ಮಗಳು ಪದವಿಯ ಗೌನು ತೊಟ್ಟದ್ದಿದೆ. ನನ್ನದೂ ಇದೆ, ತರಗತಿಯಲ್ಲಿ ಸೀಮೆಸುಣ್ಣ ಹಿಡಿದು ನಿಂತದ್ದು. “ಇದ್ದವರದು ಒಬ್ಬೊಬ್ಬರದೇ ಹಾಕಬಾರದು, ಅಪಶಕುನ” ಎಂದು ಬಂಧುಗಳು ಹೇಳಿದರು. ಮುಖ್ಯಮಂತ್ರಿಗಳದು, ಸಿನಿಮಾ ನಟರದು ಹಾಕುತ್ತೀರಲ್ಲ, ಅವರೆಲ್ಲ ಚೆನ್ನಾಗಿಯೇ ಇದ್ದಾರಲ್ಲ ಎಂದೆ.

ಅಜ್ಜಿಯದು ಮಾತ್ರ ಚೀಟಿಯ ಫೋಟೋ ಕೂಡ ಇಲ್ಲ. ಅವಳು ಆ ಕಾಲಕ್ಕೂ ಮೊದಲೇ ಹೋದವಳು. ಅವಳು ಹೊಲಿದ ಕೌದಿಯೊಂದು ಹರಿದು ಉಳಿದಿತ್ತು. ಅದರ ಗಟ್ಟಿಯಿದ್ದ ಮೂಲೆಯನ್ನು ಒಂದು ಗೇಣಗಲ ಕತ್ತರಿಸಿ ಕಟ್ಟು ಹಾಕಿಸಿದೆ. ಕಟ್ಟಿನ ಅಂಗಡಿಯವರಿಗೆ ವಿಚಿತ್ರವೆನಿಸಿತು, ಆದರೂ ಹಾಕಿಕೊಟ್ಟರು. ಹತ್ತಿರ ನಿಂತು ನೋಡಿದರೆ ಅವಳ ಹೊಲಿಗೆ ಎಲ್ಲಿ ನೇರ ಬಂದಿದೆ, ಎಲ್ಲಿ ಕಣ್ಣು ಮಂಜಾಗಿ ಸೊಟ್ಟಗಾಗಿದೆ ಎಂಬುದು ಕಾಣುತ್ತದೆ. ಬಂದವರು ಇದೇನೆಂದು ಕೇಳುತ್ತಾರೆ. ನಮ್ಮಜ್ಜಿ ಎನ್ನುತ್ತೇನೆ.

ಈ ಸಲ ಹಬ್ಬಕ್ಕೆ ಮನೆ ಬಳಿಯುವಾಗ ನೀವೂ ಪಟಗಳನ್ನು ಇಳಿಸುತ್ತೀರಿ. ಒರೆಸಿ ಇಡುವ ಮೊದಲು ಒಮ್ಮೆ ಎಣಿಸಿ ನೋಡಿ. ನಿಮ್ಮ ತಾಯಿ ಇದ್ದರೆ ಹತ್ತಿರದ ಸ್ಟುಡಿಯೋಗೆ ಕರೆದುಕೊಂಡು ಹೋಗಿ. ಅವರಿಗೆ ಇಷ್ಟವಾದ ಸೀರೆಯನ್ನು ಅವರೇ ಆರಿಸಲಿ, ಹಣೆಗೆ ಏನಿಡಬೇಕೆಂಬುದನ್ನೂ ಅವರೇ ಹೇಳಲಿ. ಹಳೆಯ ಪಟಗಳ ಬೆನ್ನಿಗೆ ಒಂದು ಚೀಟಿ ಅಂಟಿಸಿ ಹೆಸರು, ಊರು, ಇಸವಿ ಬರೆಯಿರಿ. ‘ಇಂಥವರ ಹೆಂಡತಿ’ ಎಂದಲ್ಲ, ಅವರ ಹೆಸರನ್ನೇ ಬರೆಯಿರಿ. ಇನ್ನು ಬಾಡಿಗೆ ಮನೆಯ ಮಾತು. ಮಾಲೀಕರು ಬೇಡವೆಂದರೂ ಒಂದು ಮೊಳೆಗೆ ಕೇಳಿ ನೋಡಿ. ಯಾರ ಪಟಕ್ಕೆಂದು ಹೇಳಿದರೆ ಒಪ್ಪುತ್ತಾರೆ. ಅವರಿಗೂ ಒಬ್ಬ ತಾಯಿ ಇರುತ್ತಾಳೆ.