ಒಂದೇ ಹೆಸರಿನ ಎರಡು ಬಸ್ಸು

ಕಳೆದ ಚಳಿಗಾಲದ ಒಂದು ಶನಿವಾರ ನನ್ನ ಮಗ ನನ್ನ ಜೊತೆ ಮಾತು ಬಿಟ್ಟ. ಹದಿನಾಲ್ಕು ವರ್ಷದ ಹುಡುಗರು ಅಪ್ಪನೊಡನೆ ಹೇಗೂ ಹೆಚ್ಚು ಮಾತಾಡುವುದಿಲ್ಲ, ಹಾಗಾಗಿ ಭಾನುವಾರ ಮಧ್ಯಾಹ್ನದವರೆಗೆ ನನಗದು ತಿಳಿಯಲೇ ಇಲ್ಲ. ಊಟಕ್ಕೆ ಕರೆದಾಗ ಅವನು ತನ್ನಮ್ಮನ ಕಡೆ ತಿರುಗಿ, "ಆಮೇಲೆ ತಿಂತೀನಿ ಅಂತ ಹೇಳು" ಎಂದ. ನಾನು ಎರಡಡಿ ದೂರದಲ್ಲಿ ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ಕಾರಣ ಕೇಳುವ ಅಗತ್ಯ ಇರಲಿಲ್ಲ. ಅವನ ಬಸ್ಸನ್ನು ಕಳೆದವನು ನಾನೇ.

ಬಸ್ಸು ಎಂದರೆ ಕಂಪ್ಯೂಟರಿನೊಳಗಿನ ಬಸ್ಸು. ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಆಟವಿದೆ. ಪ್ರಾಗ್ ನಗರದ ಎಸ್‌ಸಿಎಸ್ ಸಾಫ್ಟ್‌ವೇರ್ ಎಂಬ ಕಂಪನಿ 2012ರಲ್ಲಿ ಹೊರತಂದದ್ದು. ಕೊಲ್ಲುವುದಿಲ್ಲ, ಕಾದುವುದಿಲ್ಲ, ಲಾರಿಗೆ ಸರಕು ತುಂಬಿಕೊಂಡು ಯೂರೋಪಿನ ರಸ್ತೆಗಳಲ್ಲಿ ಓಡಿಸುವುದಷ್ಟೇ. ಸುಮಾರು ಹತ್ತೊಂಬತ್ತರಲ್ಲಿ ಒಂದು ಪಾಲಿಗೆ ಕುಗ್ಗಿಸಿದ ಆ ನಕ್ಷೆಯಲ್ಲಿ ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್, ಗ್ರೋನಿಂಗನ್ ಮೊದಲಿಂದಲೂ ಇವೆ. ಆಮ್‌ಸ್ಟೆಲ್‌ವೇನ್‌ನ ನಮ್ಮ ಮನೆಯ ಕಿಟಕಿ ತೆಗೆದರೆ ಎ9 ಹೆದ್ದಾರಿಯ ಸದ್ದು ಕೇಳುತ್ತದೆ. ನಿಜವಾದ ರಸ್ತೆ ಪಕ್ಕದಲ್ಲೇ ಇರುವಾಗ ಪರದೆಯೊಳಗೆ ಲಾರಿ ಓಡಿಸುವುದರಲ್ಲಿ ಏನಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ.

ಆ ಆಟಕ್ಕೆ ಹೊರಗಿನವರು ತಯಾರಿಸಿ ಸೇರಿಸುವ ತುಣುಕುಗಳಿಗೆ ಮಾಡ್ ಎನ್ನುತ್ತಾರೆ. ಹೊಸ ಗಾಡಿ, ಹೊಸ ರಸ್ತೆ, ಮಳೆ, ಹಾರ್ನಿನ ಸದ್ದು, ಎಲ್ಲಕ್ಕೂ ಮಾಡ್ ಇದೆ. (ಫೋನಿನಲ್ಲಿ ನನ್ನಪ್ಪನಿಗೆ ಇದನ್ನು ವಿವರಿಸಿದಾಗ "ಮಾಡ್ ಅಂದ್ರೆ ಏನ್ ಮಾಡೋದು?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆಯೇ.) ಕರ್ನಾಟಕದಲ್ಲೂ ಕೇರಳದಲ್ಲೂ ಕಾಲೇಜು ಹುಡುಗರು ಕೂತು ನಮ್ಮ ಸರ್ಕಾರಿ ಬಸ್ಸುಗಳನ್ನು ಇಂಥ ಆಟಗಳಿಗೆ ತಯಾರಿಸುತ್ತಾರೆ, ಬಹುಪಾಲು ಪುಕ್ಕಟೆಯಾಗಿ. ಮಗ ಹಾಗೆ ಒಂದು ಕೆಎಸ್‌ಆರ್‌ಟಿಸಿ ಬಸ್ಸು ತಂದಿದ್ದ. ಮುಂದೆ ಕನ್ನಡದಲ್ಲಿ 'ಹಾಸನ - ಧರ್ಮಸ್ಥಳ' ಎಂಬ ಬೋರ್ಡು. ನನ್ನಪ್ಪ ಆ ರೂಟಿನಲ್ಲಿ ವರ್ಷಗಟ್ಟಲೆ ಕಂಡಕ್ಟರಾಗಿದ್ದವರು. ಕನ್ನಡ ಓದಲು ತಡವರಿಸುವ ಹುಡುಗ ಆ ಬೋರ್ಡನ್ನು ಮಾತ್ರ ಸರಾಗ ಓದುತ್ತಿದ್ದ. ಪ್ರತಿ ಭಾನುವಾರದ ವಿಡಿಯೋ ಕಾಲ್‌ನಲ್ಲಿ ಎರಡು ನಿಮಿಷಕ್ಕೆ ಮುಗಿಯುತ್ತಿದ್ದ ತಾತ ಮೊಮ್ಮಗನ ಮಾತು, ಈ ಬಸ್ಸು ಬಂದ ಮೇಲೆ ಅರ್ಧ ಗಂಟೆ ನಡೆಯತೊಡಗಿತು. ಮೀಟರಿನಲ್ಲಿ ಹದಿನಾಲ್ಕು ಸಾವಿರ ಕಿಲೋಮೀಟರ್ ದಾಟಿದಾಗ ನನ್ನಪ್ಪ, "ಎಫ್‌ಸಿ ಮಾಡಿಸಿದ್ಯೇನೋ?" ಎಂದು ಕೇಳಿದ್ದರು.

ಆ ಶನಿವಾರ ಆಟ ತೆರೆಯಲಿಲ್ಲ. ಅರ್ಧ ಲೋಡ್ ಆಗಿ ಮಾತಿಲ್ಲದೆ ಮುಚ್ಚಿಕೊಂಡಿತು. ಹಿಂದಿನ ದಿನವಷ್ಟೇ ಆಟದ ಹೊಸ ಆವೃತ್ತಿ ಬಂದಿತ್ತು. ಹಳೆಯ ಆವೃತ್ತಿಗೆ ಮಾಡಿದ ಮಾಡ್‌ಗಳು ಹೊಸದರಲ್ಲಿ ಕೆಡುವುದು ಮಾಮೂಲು. ಹುಡುಗ ಫುಟ್‌ಬಾಲ್‌ಗೆ ಹೋಗಿದ್ದ. ಬರುವಷ್ಟರಲ್ಲಿ ಸರಿಮಾಡಿ ಬೆರಗುಗೊಳಿಸೋಣವೆಂದು ನಾನು ಕೂತೆ. ಮಾಡ್‌ಗಳ ಪಟ್ಟಿಯಲ್ಲಿ ಬಸ್ಸಿನ ಸಾಲು ಎದ್ದು ಕಂಡಿತು, ತೆಗೆದೆ. ಕೆಲವು ಮಾಡ್‌ಗಳು ಕಾಣುತ್ತಿಲ್ಲ, ಮುಂದುವರಿಯಬೇಕೆ ಎಂದು ಎಚ್ಚರಿಕೆ ಬಂತು. ಹೂಂ ಎಂದು ಒತ್ತಿದೆ. ಆಟ ತೆರೆಯಿತು. ಗ್ಯಾರೇಜಿನಲ್ಲಿ ಬಸ್ಸಿರಲಿಲ್ಲ. ಗಾಬರಿಯಲ್ಲಿ ಅಲ್ಲಿ ಇಲ್ಲಿ ಒತ್ತುವಷ್ಟರಲ್ಲಿ ಆಟ ತನ್ನಷ್ಟಕ್ಕೆ ತಾನು ಆ ಸ್ಥಿತಿಯನ್ನೇ ಉಳಿಸಿಕೊಂಡಿತು.

ಆರ್ಟಿಕಲ್‌ಶಿಪ್ ಮಾಡುವಾಗ ಬೆಂಗಳೂರಿನ ನಮ್ಮ ಹಿರಿಯರು ಮೊದಲ ವಾರದಲ್ಲೇ ಕಲಿಸಿದ್ದು, ಮೂಲ ಪುಸ್ತಕಕ್ಕೆ ಪೆನ್ನು ತಾಗಿಸಬೇಡ ಎಂದು. ಟ್ಯಾಲಿಯಲ್ಲಿ ಬ್ಯಾಕಪ್ ತೆಗೆಯದೆ ಒಂದು ನಮೂದು ತಿದ್ದಿದರೂ ಬೈಗುಳ ಗ್ಯಾರಂಟಿ. ಅದೇ ಬೈಗುಳವನ್ನು ಇಪ್ಪತ್ತು ವರ್ಷದಿಂದ ನಾನೂ ಕಿರಿಯರಿಗೆ ಹಂಚುತ್ತ ಬಂದಿದ್ದೇನೆ. ಮಗನ ಆಟ ಎಂದಾಗ ಅದು ನೆನಪಾಗಲಿಲ್ಲ. ಆಟ ತಾನೇ ಎಂಬ ಉಡಾಫೆ, ಬೇರೇನಲ್ಲ.

ಭಾನುವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಕ್ರಮವಾಗಿ ಕೂತೆ. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಆಟ ತನ್ನದೊಂದು ದಿನಚರಿ ಬರೆದಿಡುತ್ತದೆ. ಗೇಮ್ ಲಾಗ್ ಎಂಬ ಮಾಮೂಲಿ ಪಠ್ಯ ಕಡತ. ಪ್ರತಿ ಸಲ ಆಟ ತೆರೆದಾಗಲೂ ಹಳೆಯದು ಅಳಿದು ಹೊಸದು ಶುರುವಾಗುತ್ತದೆ. ಅಂದರೆ ಕೆಟ್ಟ ಕೂಡಲೇ ಅದನ್ನು ಬೇರೆಡೆ ನಕಲು ಮಾಡಿಟ್ಟುಕೊಳ್ಳಬೇಕು, ಇನ್ನೊಮ್ಮೆ ತೆರೆದು ನೋಡೋಣ ಎಂದರೆ ಸಾಕ್ಷ್ಯ ಹೋಯಿತು. ನಾನು ಶನಿವಾರವೇ ನಾಲ್ಕು ಸಲ ತೆರೆದಿದ್ದೆ. ಈಗ ಹೊಸದಾಗಿ ಖಾಲಿ ಪ್ರೊಫೈಲ್ ಒಂದನ್ನು ಮಾಡಿಕೊಂಡೆ, ಅಲ್ಲಿ ಏನು ಮುಳುಗಿದರೂ ಯಾರ ಗಂಟೂ ಹೋಗುವುದಿಲ್ಲ. ಅದಕ್ಕೆ ಎಲ್ಲ ಮಾಡ್‌ಗಳನ್ನೂ ಹಾಕಿದೆ. ಒಟ್ಟು 37. ಅಲ್ಲೂ ಆಟ ಮುಚ್ಚಿಕೊಂಡಿತು. ಸಮಾಧಾನವಾಯಿತು! ತಪ್ಪು ನಿಯತ್ತಾಗಿ ಮರುಕಳಿಸಿದರೆ ಅರ್ಧ ಕೆಲಸ ಆದಂತೆ.

ಲಾಗ್ ತೆರೆದರೆ ತಪ್ಪುಗಳ ಜಾತ್ರೆ. ಬಣ್ಣದ ಕಡತ ಸಿಗಲಿಲ್ಲ, ನೆರಳಿನ ಕಡತ ಸಿಗಲಿಲ್ಲ ಎಂದು ನೂರಾರು ಸಾಲು. ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಚೆನ್ನಾಗಿ ಓಡುವ ದಿನವೂ ಇದ್ದೇ ಇರುತ್ತವೆ. ಆಡಿಟ್‌ನಲ್ಲಿ ಎಂಟಾಣೆ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬಾರದು ಎನ್ನುವುದು ಅಭ್ಯಾಸದಿಂದ ಬರುವ ಬುದ್ಧಿ. ಆದರೆ ಯಾವುದು ಎಂಟಾಣೆ, ಯಾವುದು ಎಂಟು ಕೋಟಿ ಎಂದು ಈ ಪುಸ್ತಕದಲ್ಲಿ ನನಗೆ ತಿಳಿಯಲಿಲ್ಲ. ಹಾಗಾಗಿ ಹಳೆಯ ದಾರಿ ಹಿಡಿದೆ: ಅರ್ಧ ಮಾಡುವುದು. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಎರಡರಿಂದ ಭಾಗಿಸಿ ಆ ಮೊತ್ತ ಹುಡುಕು, ತಪ್ಪು ಬದಿಗೆ ಬಿದ್ದಿರಬಹುದು. ಒಂಬತ್ತರಿಂದ ಭಾಗವಾದರೆ 54 ಅನ್ನು 45 ಎಂದು ಬರೆದಿರಬಹುದು. ಎರಡೂ ಅಲ್ಲದಿದ್ದರೆ ಲೆಡ್ಜರನ್ನು ಅರ್ಧರ್ಧ ಮಾಡಿಕೊಂಡು ಹೋಗು. 37ರಲ್ಲಿ ಅಪರಾಧಿ ಒಬ್ಬನೇ ಆದರೆ ಹೆಚ್ಚೆಂದರೆ ಆರು ಸಲ ತೆರೆದರೆ ಸಿಕ್ಕಿಬಿಡಬೇಕು.

ಮೊದಲ 18 ಹಾಕಿದೆ. ಓಡಿತು. ಹಾಗಾದರೆ ಉಳಿದ 19ರಲ್ಲಿದೆ ಎಂದು ಅವನ್ನು ಹಾಕಿದೆ. ಅದೂ ಓಡಿತು. 37ನ್ನೂ ಹಾಕಿದೆ, ಮುಚ್ಚಿಕೊಂಡಿತು. ರಾತ್ರಿ ಒಂದೂವರೆಗೆ ಲೈಟು ಆರಿಸಿದೆ.

ಸೋಮವಾರ ಟ್ರಾಮಿನಲ್ಲಿ ಕೂತು ಅಪ್ಪನಿಗೆ ಫೋನು ಮಾಡಿದೆ. ಬಸ್ಸು ಹೋದ ವಿಷಯ ಹೇಳಲಿಲ್ಲ, ಆಟ ಕೆಟ್ಟಿದೆ ಎಂದಷ್ಟೇ ಹೇಳಿದೆ. ಅವರು ತಮ್ಮ ವೇಬಿಲ್ಲಿನ ಕಥೆ ತೆಗೆದರು. ಆಗೆಲ್ಲ ಮೆಷಿನ್ ಟಿಕೆಟ್ ಇರಲಿಲ್ಲ, ದರಕ್ಕೊಂದರಂತೆ ಕಟ್ಟು. ಪ್ರತಿ ಸ್ಟೇಜ್ ಬಂದಾಗಲೂ ಪ್ರತಿ ಕಟ್ಟಿನ ಟಿಕೆಟ್ ನಂಬರು ಬರೆಯಬೇಕು. "ಸಕಲೇಶಪುರದಲ್ಲಿ ಸರಿ ಇತ್ತು, ಗುಂಡ್ಯದಲ್ಲಿ ತಪ್ಪೈತೆ ಅಂದ್ರೆ, ಮಧ್ಯೆ ಹತ್ತಿದೋನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಕು. ಆದ್ರೆ ಹತ್ತಿದೋನು ಒಬ್ನೇ ಕಳ್ಳ ಆಗಿರ್ಬೇಕಿಲ್ಲ ಕಣಪ್ಪ. ಮೊದ್ಲೇ ಕೂತಿದ್ದೋನ ಜೊತೆ ಸೇರ್ಕೊಂಡು ಜಗಳ ತೆಗೆಯೋನೂ ಇರ್ತಾನೆ."

ಬೇಕಾಗಿದ್ದ ಸುಳಿವು ಅದೇ. ಒಂದೊಂದೇ ಇದ್ದಾಗ ಇಬ್ಬರೂ ಸಂಭಾವಿತರು. ಒಂದೇ ಬಸ್ಸಿನಲ್ಲಿ ಸೇರಿದರೆ ಮಾತ್ರ ಜಗಳ. ಅಂಥ ಜೋಡಿಯನ್ನು ಬರೀ ಅರ್ಧ ಮಾಡಿ ಹಿಡಿಯಲಾಗುವುದಿಲ್ಲ. ಅರ್ಧ ಮಾಡಿದ ಕೂಡಲೇ ಅವರನ್ನು ಬೇರ್ಪಡಿಸಿ ನಾವೇ ರಾಜಿ ಮಾಡಿಸಿಬಿಟ್ಟಿರುತ್ತೇವೆ. ಆದ್ದರಿಂದ ಮೊದಲ 18 ಅನ್ನು ಹಾಗೇ ಕೂರಿಸಿ, 19ರವರನ್ನು ಅರ್ಧರ್ಧವಾಗಿ ಹತ್ತಿಸಬೇಕು. ಮುಚ್ಚಿಕೊಂಡರೆ ಈಗ ಹತ್ತಿದವರಲ್ಲಿದ್ದಾನೆ. ಹಾಗೆ ಒಬ್ಬ ಸಿಕ್ಕ ಮೇಲೆ ಅವನನ್ನು ಬಿಡದೆ ಹಿಡಿದುಕೊಂಡು, ಮೊದಲ 18 ಅನ್ನು ಅರ್ಧರ್ಧವಾಗಿ ಇಳಿಸಬೇಕು.

ಸಂಜೆ ಎಕ್ಸೆಲ್ ಹಾಳೆ ತೆರೆದು ಒಂದೊಂದು ಸುತ್ತನ್ನೂ ಬರೆಯುತ್ತ ಹೋದೆ. ನಕ್ಷೆಯ ಮಾಡ್‌ಗಳನ್ನು ಮಾತ್ರ ಗುಂಪಾಗಿಯೇ ಹತ್ತಿಸಿ ಇಳಿಸಬೇಕಾಯಿತು, ಒಂದು ಬಿಟ್ಟು ಇನ್ನೊಂದಿಲ್ಲ. ನಾಲ್ಕನೆಯ ಸುತ್ತಿಗೆ ಮಗ ಬಂದು ಬಾಗಿಲಲ್ಲಿ ನಿಂತ. ಆರನೆಯದಕ್ಕೆ, ಮಾತಾಡದೆ, ಕುರ್ಚಿ ಎಳೆದುಕೊಂಡ. ಒಂಬತ್ತನೆಯದಕ್ಕೆ ಸಿಕ್ಕಿತು. ಒಂದು, ನಮ್ಮ ಹಾಸನ - ಧರ್ಮಸ್ಥಳ. ಇನ್ನೊಂದು, ಅವನ ಗೆಳೆಯ ಕೊಟ್ಟಿದ್ದ ಕೋಯಿಕ್ಕೋಡಿನ ಬಸ್ಸು. ಅದೂ ಕೆಎಸ್‌ಆರ್‌ಟಿಸಿಯೇ, ಕೇರಳದ್ದು. ಅದನ್ನು ಹಾಕಿದ್ದು ಶುಕ್ರವಾರ, ಆವೃತ್ತಿ ಬದಲಾದ ದಿನವೇ. ನಾನು ಆವೃತ್ತಿಯ ಮೇಲೆ ಗೂಬೆ ಕೂರಿಸಿದ್ದೆ.

ಈ ಕಡತಗಳಲ್ಲಿ ಅನೇಕವನ್ನು ಜಿಪ್ ಕಡತದಂತೆ ಬಿಚ್ಚಬಹುದು. ಬಿಚ್ಚಿದರೆ ಒಳಗೆ ಸಾದಾ ಪಠ್ಯ: ಈ ಗಾಡಿಯ ಹೆಸರಿದು, ಚಾಸಿ ಇದು, ಚಕ್ರ ಕೂರುವ ಜಾಗ ಇದು. ಮಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಮೂರು ದಿನದಲ್ಲಿ ಮೊದಲ ಮಾತಾಡಿದ. "ಅಪ್ಪಾ, ಇಬ್ರೂ ಒಂದೇ ಹೆಸರು ಇಟ್ಕೊಂಡಿದಾರೆ." ಎರಡು ಬಸ್ಸಿಗೂ ಒಳಗಿನ ಹೆಸರು ಕೆಎಸ್‌ಆರ್‌ಟಿಸಿ ಎಂದೇ ಇತ್ತು. ಒಂದೇ ವಿಳಾಸದಲ್ಲಿ ಎರಡು ಕಡತ ಇದ್ದರೆ, ಪಟ್ಟಿಯಲ್ಲಿ ಮೇಲಿರುವ ಮಾಡ್‌ನದನ್ನು ಆಟ ತೆಗೆದುಕೊಳ್ಳುತ್ತದೆ. ಹಾಗೆ ನಮ್ಮ ಚಾಸಿಯ ಮೇಲೆ ಅವರ ಬಾಡಿ ಕೂರಿಸಲು ಹೋಗಿ ಜಾಗ ಸಿಗದೆ ಕುಸಿಯುತ್ತಿತ್ತು. ಲಾಗ್‌ನಲ್ಲಿ, ಆ ನೂರಾರು ಸಾಲುಗಳ ನಡುವೆ, ಈ ಹೆಸರು ಈಗಾಗಲೇ ಬಳಕೆಯಲ್ಲಿದೆ ಎಂಬ ಸಾಲೂ ಇತ್ತು. ನಾನು ಎಂಟಾಣೆ ಎಂದು ಬಿಟ್ಟಿದ್ದೆ.

ನಗು ಬಂತು. ಈ ಹೆಸರಿಗಾಗಿ ಎರಡು ರಾಜ್ಯಗಳು ನಿಜವಾಗಿಯೂ ಕಾದಾಡಿವೆ. 2014ರಲ್ಲಿ ಕರ್ನಾಟಕದ ನಿಗಮ ಆ ಹೆಸರು ಬಳಸದಂತೆ ಕೇರಳಕ್ಕೆ ನೋಟಿಸ್ ಕೊಟ್ಟಿತ್ತು. ವ್ಯಾಜ್ಯ ವರ್ಷಗಟ್ಟಲೆ ಎಳೆದು, 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ಎರಡೂ ಬಸ್ಸುಗಳು ಅದೇ ಹೆಸರಿನಲ್ಲಿ ಓಡುತ್ತಲೇ ಇವೆ. ಮಗನಿಗೆ ಹೇಳಿದೆ. ಅವನಿಗೆ ಅದು ಅಷ್ಟೇನೂ ತಮಾಷೆ ಎನಿಸಲಿಲ್ಲ.

"ಹಾಗಾದ್ರೆ ಅವನದನ್ನ ತೆಗೆದುಬಿಡೋಣ" ಎಂದೆ. ಆಗುವುದಿಲ್ಲವಂತೆ. ಇಬ್ಬರೂ ಕಾನ್ವಾಯ್‌ನಲ್ಲಿ ಒಟ್ಟಿಗೆ ಓಡಿಸುತ್ತಾರೆ, ಇಬ್ಬರ ಬಳಿಯೂ ಎರಡೂ ಬಸ್ಸು ಇರಬೇಕು. ಉಳಿದ ದಾರಿ ಒಂದರ ಹೆಸರನ್ನು ಒಳಗಿಂದ ಬದಲಿಸುವುದು. ಆದರೆ ಯಾರ ಬಸ್ಸಿನ ಹೆಸರು ಬದಲಾಗುತ್ತದೋ ಅವರ ಗ್ಯಾರೇಜಿನಲ್ಲಿರುವ ಹಳೆಯ ಬಸ್ಸು ಹೋಗುತ್ತದೆ, ಆಟದ ಲೆಕ್ಕದಲ್ಲಿ ಅದು ಬೇರೆಯೇ ಗಾಡಿ. ನಾನು ಆಗ ಹೆಮ್ಮೆಯಿಂದ ನನ್ನ ಪ್ರಾಯಶ್ಚಿತ್ತ ತೆಗೆದೆ: ಭಾನುವಾರ ರಾತ್ರಿ ಅವನ ಪ್ರೊಫೈಲ್ ಫೋಲ್ಡರ್ ಜಾಲಾಡಿ, ಮೂರು ವಾರದ ಹಿಂದೆ ಅವನೇ ಉಳಿಸಿ ಮರೆತಿದ್ದ ಒಂದು ಸೇವ್ ಹುಡುಕಿಟ್ಟಿದ್ದೆ. ಅದರಲ್ಲಿ ಬಸ್ಸು ಇತ್ತು.

ಅವನು ಸ್ವಲ್ಪ ಹೊತ್ತು ನೋಡಿದ. "ನಮ್ಮದರ ಹೆಸರೇ ಚೇಂಜ್ ಮಾಡ್ತೀನಿ" ಎಂದ. ಯಾಕೆ ನಮ್ಮದು ಎಂದೆ. "ಅವನ ಬಸ್ಸು ಇನ್ನೂ ಇದೆಯಲ್ಲಪ್ಪ. ನಂದು ಹೇಗೂ ಒಂದ್ಸಲ ಹೋಗಿದೆ."

ಹೆಸರು ಬಂದ ಕಡೆಯಲ್ಲೆಲ್ಲ ತಿದ್ದುವುದಕ್ಕೆ ಎರಡು ಸಂಜೆ ಹಿಡಿಯಿತು. ಒಂದು ಕಡೆ ಬಿಟ್ಟುಹೋಗಿ ಬಸ್ಸು ಚಕ್ರವಿಲ್ಲದೆ ಬಂತು, ಇನ್ನೊಂದು ಸಲ ಪಾರದರ್ಶಕವಾಗಿ. ಹಳೆಯ ಸೇವ್‌ನಿಂದ ಹಣ, ಲೆವೆಲ್ಲು ಬಂದವು. ಬಸ್ಸನ್ನು ಮತ್ತೆ ಕೊಂಡ. ಗೆಳೆಯನಿಗೆ ಹೊಸ ಕಡತ ಕಳಿಸಿದ. ಪ್ರತಿ ಹೆಜ್ಜೆಗೂ ಮೊದಲು ಫೋಲ್ಡರಿನ ನಕಲು ತೆಗೆದ, ನನ್ನ ಕಡೆ ನೋಡದೆ.

ಮುಂದಿನ ಭಾನುವಾರ ತಾತನಿಗೆ ಫೋನು ಹಿಡಿದು ತೋರಿಸಿದ. ಗ್ರೋನಿಂಗನ್‌ನಿಂದ ಬಸ್ಸು ಹೊರಟಿತು. ನಾನು ಅಡುಗೆಮನೆಯಲ್ಲಿದ್ದೆ. ಅಪ್ಪನ ದನಿ ಕೇಳಿತು: "ಮೀಟರ್‌ನಲ್ಲಿ ಸೊನ್ನೆ ಐತಲ್ಲೋ, ಆ ಹದಿನಾಲ್ಕು ಸಾವಿರ ಓಡಿದ್ದ ಗಾಡಿ ಎಲ್ಲಿ?"

"ಅದು ಹಳೇದಾಗಿತ್ತು ತಾತ," ಎಂದ ಮಗ. "ಡಿಪೋದವರು ಹೊಸದು ಕೊಟ್ಟರು."