ಗಟ್ಟಿ ಬ್ಲಾಕು ಯಾವುದು?

ಕಾರಿನ ಹುಚ್ಚಿರೋ ನಾಲ್ಕು ಹುಡುಗರು ಒಂದು ಕಡೆ ಸೇರಿದರೆ ಸಾಕು, ಯಾವ ಇಂಜಿನ್ ಬ್ಲಾಕು ಗಟ್ಟಿ ಅನ್ನೋ ವಾದ ಶುರುವಾಗತ್ತೆ. ಒಬ್ಬ ಟೊಯೋಟಾ ಸುಪ್ರಾದ ಟೂ-ಜೆಝಡ್ ಅಂತಾನೆ, ಇನ್ನೊಬ್ಬ ನಿಸಾನ್ ಸ್ಕೈಲೈನಿನ ಆರ್‌ಬಿ-26 ಅಂತಾನೆ. ಎರಡೂ ಎರಕದ ಕಬ್ಬಿಣದವು, ಎರಡೂ ಗಟ್ಟಿ, ಸುಳ್ಳಲ್ಲ. ಆದರೆ ದಾವಣಗೆರೆಯ ಗ್ಯಾರೇಜಿನಲ್ಲಿ ಕೂತು ಅವುಗಳ ಹೆಸರು ಜಪಿಸಿದರೆ ಕಾರು ಓಡಲ್ಲ :)

ನನ್ನ ಚಿಕ್ಕಪ್ಪನ ಮಗನ ಕಥೆ ಕೇಳಿ. ಅವನ ಹತ್ತಿರ ಒಂದು ಹಳೇ ಕಾಂಟೆಸ್ಸಾ ಇದೆ. ಅದಕ್ಕೆ ಟರ್ಬೊ ಹಾಕಿ ಟ್ರ್ಯಾಕಿನಲ್ಲಿ ಓಡಿಸಬೇಕು ಅಂತ ಆಸೆ. ಕೂಡಿಟ್ಟ ದುಡ್ಡು ಒಂದು ಇಂಜಿನ್ನಿಗೆ ಸಾಕು, ಅದು ಒಡೆದರೆ ಇನ್ನೊಂದಕ್ಕಿಲ್ಲ. ಅವನ ಮುಂದೆ ಮೂರು ದಾರಿ ಇದ್ದವು. ಮಾರುತಿ ಎಸ್ಟೀಮಿನ 1.3 ಲೀಟರ್ ಅಲ್ಯೂಮಿನಿಯಂ ಇಂಜಿನ್. ಎರಡು ಸಲ ಬೋರ್ ಮಾಡಿಸಿ ಬಣ್ಣ ಹೊಡೆದಿದ್ದ 1.8 ಇಸುಝು ಬ್ಲಾಕು. ಲಕ್ಷ ಕಿಲೋಮೀಟರ್ ದಾಟಿದ ಅಂಬಾಸಿಡರಿನಿಂದ ಇಳಿಸಿದ, ಒಮ್ಮೆಯೂ ಬೋರ್ ಆಗದ, ತುಕ್ಕು ಹಿಡಿದ ಅದೇ ಜಾತಿಯ ಇನ್ನೊಂದು ಬ್ಲಾಕು.

ಎಸ್ಟೀಮ್ ನಮ್ಮ ರ‍್ಯಾಲಿಗಳಲ್ಲಿ ಹೆಸರು ಮಾಡಿದ ಕಾರು. ಅಲ್ಯೂಮಿನಿಯಂ ಹಗುರ - ಒಂದು ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ, ಕಬ್ಬಿಣವಾದರೆ ಹತ್ತಿರ ಹತ್ತಿರ 7.2. ಆದರೆ ಕಾಂಟೆಸ್ಸಾಗೆ ಅದನ್ನು ಕೂರಿಸಬೇಕಾದರೆ ಮೌಂಟಿಂಗ್, ಗೇರ್‌ಬಾಕ್ಸ್ ಎಲ್ಲಾ ಬದಲಾಗಬೇಕು. ಅದನ್ನು ಬಿಟ್ಟ.

ಉಳಿದ ಎರಡರಲ್ಲಿ ಅವನಿಗೆ ಇಷ್ಟವಾಗಿದ್ದು ಬೋರ್ ಮಾಡಿಸಿದ್ದು. "ಸಿಸಿ ಜಾಸ್ತಿ ಅಲ್ವಾ ಅಣ್ಣಾ" ಅಂದ. ಲೆಕ್ಕ ಹಾಕಿ ನೋಡಿದೆವು. ಬೋರು 84 ಮಿ.ಮೀ., ಸ್ಟ್ರೋಕು 82, ನಾಲ್ಕು ಸಿಲಿಂಡರ್ - 1817 ಸಿಸಿ. ಬೋರನ್ನು 85 ಮಾಡಿದರೆ 1861. ಬರೀ 44 ಸಿಸಿ ಲಾಭ! ಅದಕ್ಕೆ ಸಿಲಿಂಡರಿನ ಗೋಡೆ ಸುತ್ತಲೂ ಅರ್ಧ ಮಿಲಿಮೀಟರ್ ತೆಳ್ಳಗಾಗಿರತ್ತೆ. ಟರ್ಬೊ ಒತ್ತಡಕ್ಕೆ ತೆಳು ಗೋಡೆ ಉಬ್ಬಿದರೆ ಬೋರಿನ ದುಂಡಗೆ ಕೆಡತ್ತೆ, ರಿಂಗು ಸರಿಯಾಗಿ ಕೂರಲ್ಲ. ಎರಕದ ಕಬ್ಬಿಣ ಒತ್ತಿದರೆ ತಡೆಯತ್ತೆ, ಎಳೆದರೆ ತಡೆಯಲ್ಲ. ಬಾಗದೆ ನೇರವಾಗಿ ಬಿರುಕು ಬಿಡತ್ತೆ.

ಕೊನೆಗೆ ಎರಡೂ ಬ್ಲಾಕನ್ನು ಆಟೋದಲ್ಲಿ ಹಾಕಿಕೊಂಡು ಹರಿಹರಕ್ಕೆ ಹೋದೆವು. ಹರಿಹರ ಲೇತುಗಳ ಊರು. ಮೈಸೂರು ಕಿರ್ಲೋಸ್ಕರ್ ಕಂಪನಿ ಅಲ್ಲಿ ಶುರುವಾಗಿದ್ದು 1941ರಲ್ಲಿ. ಯಂತ್ರಪುರ ಅನ್ನೋ ಹೆಸರೇ ಅದನ್ನು ಹೇಳತ್ತೆ. ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು, ಆದರೆ ಅಲ್ಲಿ ದುಡಿದ ಕೈಗಳು ಇನ್ನೂ ಕೆಲವು ಉಳಿದಿವೆ. ಅಂಥ ಒಬ್ಬ ಹಿರಿಯರು ಒಂದು ಸಣ್ಣ ಅಂಗಡಿಯಲ್ಲಿ ಕೂರುತ್ತಾರೆ.

ಅವರು ಇಂಜಿನ್ನಿನ ಹೆಸರು ಕೇಳಲೇ ಇಲ್ಲ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಸದ್ದು ಕೇಳಿದರು. ಆಮೇಲೆ ತೊಳೆಸಿ, ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿದರು. ಬಣ್ಣ ಹೊಡೆದ ಬ್ಲಾಕಿನಲ್ಲಿ ಎರಡು ಸಿಲಿಂಡರಿನ ನಡುವೆ ಕೂದಲೆಳೆಯಷ್ಟು ಗೆರೆ ಮೂಡಿತು. ಬಿರುಕಿನಲ್ಲಿ ಇಳಿದ ಸೀಮೆಎಣ್ಣೆ ಸುಣ್ಣಕ್ಕೆ ಏರಿತ್ತು! ತುಕ್ಕಿನ ಬ್ಲಾಕಿನಲ್ಲಿ ಏನೂ ಇಲ್ಲ. ಡಯಲ್ ಗೇಜು ಇಳಿಸಿ ಮೇಲೆ, ನಡುವೆ, ಕೆಳಗೆ ಅಳೆದು ಅಂದರು: "ತಮ್ಮಾ, ಇದು ಕಾದು ಕಾದು ತಣ್ಣಗಾಗಿ ಕೂತ್ಬಿಟ್ಟೈತಿ. ಇನ್ನ ಎಲ್ಲೂ ಸೊಟ್ಟ ಆಗಲ್ಲ."

ಅದರಲ್ಲಿ ಅರ್ಥವಿದೆ. ಅಚ್ಚಿನಲ್ಲಿ ಲೋಹ ಆರುವಾಗ ತೆಳು ಭಾಗ ಬೇಗ, ದಪ್ಪ ಭಾಗ ನಿಧಾನವಾಗಿ ಆರಿ ಒಳಗೊಳಗೇ ಎಳೆತ ಉಳಿಯತ್ತೆ. ಅದಕ್ಕೇ ಹಿಂದೆ ಲೇತಿನ ಬೆಡ್ಡುಗಳನ್ನು ಎರಕ ಹೊಯ್ದು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿಡುತ್ತಿದ್ದರು. 1983ರಲ್ಲಿ ನೆಲ್ಸನ್ ಪಿಕೆ ಫಾರ್ಮುಲಾ ಒನ್ ಚಾಂಪಿಯನ್ ಆದ ಬಿಎಂಡಬ್ಲ್ಯೂ ಟರ್ಬೊ ಇಂಜಿನ್ನಿನ ಬ್ಲಾಕು ರಸ್ತೆ ಕಾರಿನದೇ, ಎರಕದ ಕಬ್ಬಿಣದ್ದು. ಅದಕ್ಕೂ ಓಡಿ ಹಳೆಯದಾದ ಬ್ಲಾಕುಗಳನ್ನೇ ಹುಡುಕುತ್ತಿದ್ದರಂತೆ!

ತಮ್ಮ ತುಕ್ಕಿನದನ್ನೇ ಆರಿಸಿದ. ಅರ್ಧ ಮಿ.ಮೀ. ಮಾತ್ರ ಬೋರ್. ಅದೂ ಹೆಡ್ಡಿನ ಜಾಗದಲ್ಲಿ ದಪ್ಪ ಪ್ಲೇಟು ಬಿಗಿದು ಹೋನಿಂಗ್. ಹೆಡ್ ಬೋಲ್ಟು ಬಿಗಿದಾಗ ಬೋರು ಎಷ್ಟು ಅಲುಗಾಡತ್ತೋ ಅದನ್ನು ಮೊದಲೇ ಸರಿಮಾಡಿಕೊಳ್ಳೋ ಉಪಾಯ ಇದು. ಇನ್ನೊಂದು ಮಾತು, ಇಂಜಿನ್ ನಂಬರು ಇರೋದು ಬ್ಲಾಕಿನ ಮೇಲೇ. ಬ್ಲಾಕು ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು, ಆರ್‌ಟಿಓ ಒಪ್ಪಿಗೆ ಇಲ್ಲದೆ ರಸ್ತೆಗಿಳಿಸೋ ಹಾಗಿಲ್ಲ.

ನನಗನ್ನಿಸೋದು ಇಷ್ಟು. ಗಟ್ಟಿ ಬ್ಲಾಕು ಅಂದರೆ ಗೋಡೆ ಉಳಿದಿರೋದು, ಬಿರುಕಿಲ್ಲದ್ದು, ಅಳೆದು ನೋಡಿದ್ದು. ಹಾಗೆ ಅಳೆಯಬಲ್ಲವರು ನಮ್ಮ ಪಕ್ಕದೂರಲ್ಲೇ ಇದ್ದಾರೆ, ಆದರೆ ವಯಸ್ಸಾಗ್ತಿದೆ. ಬೋರಿಂಗ್ ಮಾಡಿಸೋಕೆ ಹೋದಾಗ ಬ್ಲಾಕು ಕೊಟ್ಟು ಬರಬೇಡಿ, ಪಕ್ಕದಲ್ಲೇ ನಿಂತು ನೋಡಿ. ನಿಮ್ಮೂರಲ್ಲೂ ಇಂಥ ಹಿರಿಯರಿದ್ದರೆ ತಿಳಿಸಿ.