ಹತ್ತುವ ಮೊದಲು ಇಳಿಯುವ ಲೆಕ್ಕ

ಹಾಸನದಿಂದ ಚನ್ನರಾಯಪಟ್ಟಣದ ಮೇಲೆ ಶ್ರವಣಬೆಳಗೊಳಕ್ಕೆ ಬಂದಿಳಿದವರಲ್ಲಿ ಹೆಚ್ಚಿನವರು ನೇರ ದೊಡ್ಡಬೆಟ್ಟದ ಮೆಟ್ಟಿಲಿಗೆ ಹೋಗುತ್ತಾರೆ. ಗೊಮ್ಮಟ ಇರುವುದು ಅಲ್ಲಿ. ಬೇರೆ ಆಯ್ಕೆ ಇದೆಯೆಂದು ಯಾರಿಗೂ ಅನಿಸುವುದಿಲ್ಲ. ಆದರೆ ಕಲ್ಯಾಣಿಯ ದಂಡೆಯಲ್ಲಿ ನಿಂತು ನೋಡಿದರೆ ಕೊಳದ ಆಚೆ ಈಚೆ ಎರಡು ಬೆಟ್ಟಗಳಿವೆ. ಒಂದು ವಿಂಧ್ಯಗಿರಿ, ಅಂದರೆ ದೊಡ್ಡಬೆಟ್ಟ, ಊರಿನ ನೆಲಮಟ್ಟದಿಂದ ಸುಮಾರು 470 ಅಡಿ ಎತ್ತರ. ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು. ಇನ್ನೊಂದು ಚಂದ್ರಗಿರಿ, ಜನರ ಬಾಯಲ್ಲಿ ಚಿಕ್ಕಬೆಟ್ಟ. ದೊಡ್ಡಬೆಟ್ಟದ ಅರ್ಧದಷ್ಟೂ ಎತ್ತರವಿಲ್ಲ. ಒಂದೇ ಊರಿನಲ್ಲಿ, ಕಣ್ಣಳತೆಯ ದೂರದಲ್ಲಿ, ಎರಡು ಬಗೆಯ ಶಕ್ತಿಗೆ ಎರಡು ಬೆಟ್ಟಗಳು. ಹಾಸನ ಸೀಮೆಯ ಬೆಟ್ಟಗಳನ್ನು ಸುತ್ತುವವರಿಗೆ ನಾನು ಹೇಳಬೇಕಾದದ್ದು ಇಲ್ಲಿಂದಲೇ ಶುರುವಾಗುತ್ತದೆ: ಬೆಟ್ಟವನ್ನು ಆರಿಸಿಕೊಳ್ಳಬೇಕಾದದ್ದು ಅದರ ಹೆಸರು ನೋಡಿ ಅಲ್ಲ, ಹತ್ತುವ ಹುರುಪು ನೋಡಿಯೂ ಅಲ್ಲ, ಇಳಿಯಲು ನಮ್ಮಲ್ಲಿ ಎಷ್ಟು ಶಕ್ತಿ ಉಳಿದಿರುತ್ತದೆ ಎಂಬುದನ್ನು ನೋಡಿ.

ಈ ಮಾತನ್ನು ಚೆನ್ನಾಗಿ ಅರಿತವರು ಹಿಮದ ಮೇಲೆ ಜಾರುವ ಸ್ಕೀಯಿಂಗ್ ಆಟದವರು. ಅಲ್ಲಿ ಹತ್ತುವ ಕಷ್ಟ ಬಹುಮಟ್ಟಿಗೆ ಇಲ್ಲ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಟಿಕೆಟ್ ಕೊಂಡವರನ್ನು ಗೊಂಡೋಲಾ ಎಂಬ ಹಗ್ಗದ ತೊಟ್ಟಿಲು ಮೊದಲು ಕೊಂಗ್ದೂರಿಗೂ ಅಲ್ಲಿಂದ ಅಫರ್ವತ್ ಶಿಖರದ ಹತ್ತಿರಕ್ಕೂ ಒಯ್ಯುತ್ತದೆ. ಮೇಲಿಂದ ಜಾರಿ ಬರುವುದು ಮಾತ್ರ ಅವರವರ ಕಾಲಿಗೆ ಬಿಟ್ಟದ್ದು. ಅದಕ್ಕೇ ಯೂರೋಪಿನ ಹಲವು ಹಿಮಬೆಟ್ಟಗಳಲ್ಲಿ ಇಳಿಜಾರುಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಬಣ್ಣ ಕೊಟ್ಟಿದ್ದಾರೆ. ಹಸಿರು ಹೊಸಬರಿಗೆ, ಕಪ್ಪು ಪಳಗಿದವರಿಗೆ. ಕಲಿಯಲು ಬಂದವರಿಗೆ ವೇಗ ಹೇಳಿಕೊಡುವ ಮೊದಲು ನಿಲ್ಲುವುದನ್ನು ಹೇಳಿಕೊಡುತ್ತಾರೆ. ನಮ್ಮಲ್ಲಿ ಹಿಮವಿಲ್ಲ, ಹಗ್ಗದ ತೊಟ್ಟಿಲೂ ಇಲ್ಲ. ಆದರೆ ಇಳಿಜಾರಿನ ನ್ಯಾಯ ಬೇರೆಯಲ್ಲ. ಹತ್ತುವಾಗ ಮೊದಲು ಸೋಲುವುದು ಉಸಿರು. ಅದು ಕೂಗಿ ಹೇಳುತ್ತದೆ, ಕೂತರೆ ಸರಿಹೋಗುತ್ತದೆ. ಇಳಿಯುವಾಗ ದುಡಿಯುವುದು ತೊಡೆಯ ಸ್ನಾಯು ಮತ್ತು ಮಂಡಿ. ಪ್ರತಿ ಮೆಟ್ಟಿಲಲ್ಲೂ ಮೈಭಾರವನ್ನು ತಡೆದು ಹಿಡಿಯುವಾಗ ಆ ಸ್ನಾಯು ಎಳೆಯಲ್ಪಡುತ್ತಲೇ ಬಿಗಿಯುತ್ತದೆ. ದಣಿವು ಒಳಗೊಳಗೇ ಸೇರುತ್ತದೆ. ಉಸಿರು ಸರಾಗವಾಗಿರುವುದರಿಂದ ಮೈ ಚೆನ್ನಾಗಿದೆ ಎಂದೇ ತೋರುತ್ತದೆ. ಕಾಲು ನಡುಗಲು ಶುರುವಾಗುವ ಹೊತ್ತಿಗೆ ಅರ್ಧ ಬೆಟ್ಟದಲ್ಲಿರುತ್ತೇವೆ, ಕೆಳಗೆ ಹೋಗದೆ ವಿಧಿಯಿಲ್ಲ.

ವಿಂಧ್ಯಗಿರಿಯಲ್ಲಿ ಇದರ ಜೊತೆಗೆ ಇನ್ನೊಂದು ಸಂಗತಿ ಸೇರುತ್ತದೆ. ಪಾದರಕ್ಷೆಯನ್ನು ಕೆಳಗೇ ಬಿಟ್ಟು ಹೋಗಬೇಕು. ಬೆಳಗಿನ ತಂಪಿನಲ್ಲಿ ಹತ್ತಿದ ಅದೇ ಕಲ್ಲು ನಡುಮಧ್ಯಾಹ್ನಕ್ಕೆ ಕಾದಿರುತ್ತದೆ, ಮಳೆ ಬಿದ್ದರೆ ಜಾರುತ್ತದೆ. ಆದ್ದರಿಂದ ಏಳು ಗಂಟೆಯ ದೊಡ್ಡಬೆಟ್ಟವೂ ಹನ್ನೆರಡು ಗಂಟೆಯ ದೊಡ್ಡಬೆಟ್ಟವೂ ಒಂದೇ ಅಲ್ಲ. ಎತ್ತರದ ಅಂಕಿ ಈ ವ್ಯತ್ಯಾಸವನ್ನು ಹೇಳುವುದಿಲ್ಲ.

ಚಿಕ್ಕದನ್ನು ಆರಿಸಿಕೊಂಡರೆ ನಷ್ಟವಲ್ಲವೇ ಎಂಬ ಆಕ್ಷೇಪ ಕೂಡಲೇ ಬರುತ್ತದೆ. ಬೆಳಗೊಳದ ಚಿಕ್ಕಬೆಟ್ಟವೇ ಅದಕ್ಕೆ ಉತ್ತರ. ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಿದ್ದು 10ನೇ ಶತಮಾನದ ಕೊನೆಯಲ್ಲಿ. ಚಂದ್ರಗಿರಿಯ ಅತ್ಯಂತ ಹಳೆಯ ಶಾಸನ ಅದಕ್ಕೂ ಮುನ್ನೂರು ವರ್ಷಕ್ಕೂ ಹೆಚ್ಚು ಹಿಂದಿನದು, ಕ್ರಿ.ಶ. 600ರ ಸುಮಾರಿನದು. ಭದ್ರಬಾಹು ಮತ್ತು ಚಂದ್ರಗುಪ್ತರ ಪರಂಪರೆ ನೆಲೆಗೊಂಡದ್ದು, ಮುನಿಗಳು ಸಲ್ಲೇಖನ ಕೈಗೊಂಡು ದೇಹ ಬಿಟ್ಟದ್ದು ಇಲ್ಲಿ. ಶ್ರವಣಬೆಳಗೊಳದ ಶಾಸನಗಳಿಗಾಗಿಯೇ ಬಿ. ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂದು ಸಂಪುಟವನ್ನು 1889ರಲ್ಲಿ ಮೀಸಲಿಟ್ಟರು, ಆರ್. ನರಸಿಂಹಾಚಾರ್ 1923ರಲ್ಲಿ ಅದನ್ನು ಪರಿಷ್ಕರಿಸಿ ಹಿಗ್ಗಿಸಿದರು. ಕನ್ನಡ ಓದಬಲ್ಲವರಿಗೆ ಈ ಪುಟ್ಟ ಬೆಟ್ಟದಲ್ಲಿ ಅರ್ಧ ದಿನ ಸಾಲದು. ಇನ್ನು ಚಿಕ್ಕಬೆಟ್ಟವೂ ಆಗದ ಮಂಡಿಗಳಿಗೆ ಈ ಜಿಲ್ಲೆ ಹೊಳೆ ದಂಡೆಯನ್ನು ಕೊಟ್ಟಿದೆ. ಹೊಳೆನರಸೀಪುರದಲ್ಲಿ ಹೇಮಾವತಿ ಇದ್ದಾಳೆ, ಲಕ್ಷ್ಮೀನರಸಿಂಹ ಇದ್ದಾನೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ, ರಾಮೇಶ್ವರನ ಗುಡಿ, ಯಾರೂ ಹಿಡಿಯದ ದೇವರ ಮೀನುಗಳು. ಈ ದಾರಿ ಹಿಡಿದವರ ಪ್ರವಾಸ ಕಡಿಮೆಯದು ಎಂದು ನಾನು ಒಪ್ಪುವುದಿಲ್ಲ.

ಅರಕಲಗೂಡಿನಿಂದ ಪಶ್ಚಿಮಕ್ಕೆ ಹೊರಳಿದರೆ ಶನಿವಾರಸಂತೆ, ಸೋಮವಾರಪೇಟೆ. ಅದರಾಚೆ 1,712 ಮೀಟರ್ ಎತ್ತರದ ಪುಷ್ಪಗಿರಿ, ಅಂದರೆ ಕುಮಾರಪರ್ವತ. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಸಿಗಲಾರದು, ಏಕೆಂದರೆ ಒಂದೇ ಶಿಖರಕ್ಕೆ ಇಲ್ಲಿ ಎರಡು ದಾರಿಗಳಿವೆ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹೊರಟರೆ ಸುಮಾರು ಏಳು ಕಿಲೋಮೀಟರ್. ಶುರುವಾಗುವ ಜಾಗವೇ ಎತ್ತರದಲ್ಲಿರುವುದರಿಂದ ಏರು ಕಡಿಮೆ. ಕುಕ್ಕೆ ಸುಬ್ರಹ್ಮಣ್ಯದ ಕಡೆಯದು ಅದರ ಹತ್ತಿರ ಹತ್ತಿರ ಎರಡರಷ್ಟು ಉದ್ದ, ಸುಮಾರು 1,600 ಮೀಟರ್ ಏರು. ಹಾಗಾದರೆ ಬೀದಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿದರಾಯಿತು, ಹತ್ತುವ ಶ್ರಮ ಉಳಿಯಿತು ಎಂದು ಲೆಕ್ಕ ಹಾಕುವವರಿದ್ದಾರೆ. ಆ ಲೆಕ್ಕ ತಲೆಕೆಳಗು. ಹತ್ತುವ ಸುಲಭದ ಆಸೆಗೆ ಅವರು 1,600 ಮೀಟರ್ ಇಳಿಜಾರನ್ನು ಮಂಡಿಯ ಮೇಲೆ ಹೇರಿಕೊಳ್ಳುತ್ತಾರೆ. ಗೊಂಡೋಲಾ ಏರಿ ಕಪ್ಪು ಇಳಿಜಾರಿನ ತುದಿಗೆ ಬಂದು ನಿಂತ ಹೊಸಬನ ಪಾಡೇ ಇದು. ಬೀದಳ್ಳಿಯಿಂದ ಹತ್ತಿ ಅಲ್ಲಿಗೇ ಮರಳುವುದು ಮೊದಲ ಸಲ ಹೋಗುವವರಿಗೆ ಸರಿಯಾದ ದಾರಿ.

ಶಕ್ತಿ ಮೀರಿ ಯತ್ನಿಸದೆ ಶಕ್ತಿ ಬೆಳೆಯುವುದು ಹೇಗೆ ಎಂದು ಹರೆಯದವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಒಂದು ಮೆಟ್ಟಿಲು ಮೀರುವುದು ಬೇರೆ, ಹತ್ತು ಮೆಟ್ಟಿಲು ಹಾರುವುದು ಬೇರೆ. ಚಿಕ್ಕಬೆಟ್ಟ ಇಳಿದ ಮರುದಿನ ತೊಡೆ ಹಿಡಿದುಕೊಳ್ಳದಿದ್ದರೆ ದೊಡ್ಡಬೆಟ್ಟ, ಅದಾದ ಮೇಲೆ ಬೀದಳ್ಳಿಯ ದಾರಿ. ಹರಕೆ ಹೊತ್ತವರ ವಿಷಯ ಇನ್ನೂ ಸೂಕ್ಷ್ಮ. ಭಕ್ತಿಗೆ ಅಳತೆಗೋಲು ಹಿಡಿಯಲು ನನಗೆ ಮನಸ್ಸಿಲ್ಲ. ಆದರೂ ವಿಂಧ್ಯಗಿರಿಯಲ್ಲಿ ಡೋಲಿ ಹೊರುವವರಿದ್ದಾರೆ, ವಯಸ್ಸಾದವರು ಅದರಲ್ಲಿ ಕೂತು ಹೋಗಿ ದರ್ಶನ ಮಾಡುತ್ತಾರೆ. ಅವರ ದರ್ಶನಕ್ಕೆ ಕುಂದುಂಟೆಂದು ಯಾರೂ ಹೇಳಿದ್ದಿಲ್ಲ.

ಸ್ಕೀಯಿಂಗ್‌ನವರಂತೆ ನಮ್ಮ ಬೆಟ್ಟಗಳಿಗೂ ಬಣ್ಣದ ಫಲಕ ಹಾಕಿದರೆ ಜನ ಅದನ್ನೇ ನಂಬಿ ಕೆಡುವುದಿಲ್ಲವೇ ಎಂಬ ಅನುಮಾನದಲ್ಲಿ ಹುರುಳಿದೆ. ಸ್ಕೀಯಿಂಗ್‌ನಲ್ಲೂ ಒಂದು ಊರಿನ ನೀಲಿ ಇನ್ನೊಂದು ಊರಿನ ನೀಲಿಗೆ ಸಮವಲ್ಲ. ಆಯಾ ಬೆಟ್ಟದ ಇಳಿಜಾರುಗಳನ್ನು ಒಂದಕ್ಕೊಂದು ಹೋಲಿಸಿ ಬಣ್ಣ ಕೊಡುವುದೇ ಹೆಚ್ಚು. ಹಾಗಾಗಿ ನಮಗೆ ಬಣ್ಣ ಬೇಡ, ಸಂಗತಿ ಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿಯಾದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ನೋಂದಣಿಯನ್ನೂ ದಿನದ ಮಿತಿಯನ್ನೂ ತಂದಿತು. ಅದು ಎಷ್ಟು ಜನ ಎಂಬುದಕ್ಕೆ ಉತ್ತರ. ಎಂಥವರು, ಯಾವ ದಾರಿಯಲ್ಲಿ ಎಂಬುದಕ್ಕಲ್ಲ. ಅರಣ್ಯ ಇಲಾಖೆಯೂ ಪ್ರವಾಸೋದ್ಯಮ ಇಲಾಖೆಯೂ ಪ್ರತಿ ಬೆಟ್ಟದ ಬುಡದಲ್ಲಿ ಮೆಟ್ಟಿಲೆಷ್ಟು, ಏರೆಷ್ಟು, ನೆರಳು ಮತ್ತು ನೀರು ಎಲ್ಲಿ, ಇಳಿಯಲು ಎಷ್ಟು ಹೊತ್ತು ಎಂದು ಕನ್ನಡದಲ್ಲಿ ಬರೆಸಿ ಹಾಕಲಿ. ಅಲ್ಲಿಯವರೆಗೆ, ಮನೆಮಂದಿಯೊಡನೆ ಹೊರಟವರು ಗುಂಪಿನಲ್ಲಿ ಮಂಡಿನೋವು ಇರುವವರನ್ನು ಮೊದಲು ಕೇಳಿ, ಅವರು ನೋವಿಲ್ಲದೆ ಇಳಿದು ಬರಬಲ್ಲ ಬೆಟ್ಟವನ್ನೇ ಆರಿಸಿಕೊಳ್ಳಿ.